ಬಂಕಿನ ಪಕ್ಕದ ಬಾವಿಯಲ್ಲಿ ಪೆಟ್ರೋಲ್ ವಾಸನೆ: ಟ್ಯಾಂಕೋ ಲೈನೋ, ಎಲ್ಲಿಂದ ಶುರು ಮಾಡಬೇಕು?

ಕಡಲತಡಿ (ಪ್ರಶ್ನೆ)

ಉಡುಪಿ ಜಿಲ್ಲೆ, ಹೆದ್ದಾರಿ ಬದಿಯ ಬಂಕ್. ಪೆಟ್ರೋಲಿಗೊಂದು ಡೀಸೆಲಿಗೊಂದು ಟ್ಯಾಂಕ್, ಎರಡೂ 20 ಕಿಲೋಲೀಟರ್, ಒಂಟಿ ಗೋಡೆಯ ಎಂಎಸ್ (ಮೈಲ್ಡ್ ಸ್ಟೀಲ್), ಹಳೆಯವು. ಟ್ಯಾಂಕಿನೊಳಗೆ ಸಬ್‌ಮರ್ಸಿಬಲ್ ಪಂಪ್, ಅಲ್ಲಿಂದ ಇಂಧನ ಹಾಕುವ ಮೆಷಿನ್‌ಗಳಿಗೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಲೈನ್. ಎಟಿಜಿ (ಟ್ಯಾಂಕಿನ ಮಟ್ಟ ತಾನೇ ಅಳೆಯುವ ಯಂತ್ರ) ಇದೆ. ನೆಲ ಪೂರ್ತಿ ಮುರಕಲ್ಲು (ಜಂಬಿಟ್ಟಿಗೆ). ಇಳಿಜಾರಿನ ಕಡೆ ಸುಮಾರು 35 ಮೀಟರ್ ದೂರದಲ್ಲಿ ಪಕ್ಕದ ಮನೆಯವರ ತೆರೆದ ಬಾವಿ, ಆಳ 9 ಮೀಟರ್. ಜೂನ್ ಮಳೆ ಹಿಡಿದ ಮೇಲೆ ಅವರ ನೀರಿಗೆ ಪೆಟ್ರೋಲ್ ವಾಸನೆ, ಮೇಲೆ ಬಣ್ಣದ ಪೊರೆ.

ತಿಂಗಳಿಗೆ ಪೆಟ್ರೋಲ್ ಸೇಲ್ 150 ಕಿಲೋಲೀಟರ್ ಆಸುಪಾಸು. ಮೊದಲು 500 ಲೀಟರ್ ಹತ್ತಿರ ಇದ್ದ ಶಾರ್ಟೇಜ್ (ಲೆಕ್ಕಕ್ಕೆ ಸಿಗದ ಕೊರತೆ) ಈಗ 1,000 ಲೀಟರ್. ಕಂಪನಿಯ ಸೇಲ್ಸ್ ಆಫೀಸರ್ ಪ್ರಕಾರ ಅದು ಆವಿಯ ಲೆಕ್ಕ. ರಾತ್ರಿ ಎಟಿಜಿ ಲೀಕ್ ಟೆಸ್ಟ್ ಪಾಸ್. ಕಂಟ್ರಾಕ್ಟರ್ ಹೇಳುವುದು ಅಂಗಳ ಪೂರ್ತಿ ಅಗೆಯೋಣ ಅಂತ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಪೂರ್ತಿ ನೀರು ಖಾಲಿ ಮಾಡಿದರೆ ಸಾಕು ಅನ್ನುವವರೂ ಇದ್ದಾರೆ. ಕ್ರಮವಾಗಿ ಏನು ಮಾಡಬೇಕು?

ಡಿಪ್‌ರಾಡ್

ಮೊದಲು ಬಾವಿ. ಆ ನೀರನ್ನು ಕುಡಿಯುವುದು, ಅಡುಗೆ, ಸ್ನಾನ ಎಲ್ಲ ಇವತ್ತೇ ನಿಲ್ಲಬೇಕು. ಆ ಮನೆಗೆ ಬೇರೆ ನೀರಿನ ವ್ಯವಸ್ಥೆ ಬಂಕಿನಿಂದಲೇ ಆಗಲಿ. ಕಾಯಿಸಿ ಕುಡಿಯಿರಿ ಅಂತ ಯಾರೂ ಹೇಳಬಾರದು, ಕಾಯಿಸಿದರೆ ಪೆಟ್ರೋಲಿನಲ್ಲಿರುವ ವಿಷ ಬೆಂಜೀನ್ ಅಡುಗೆಮನೆಯ ಗಾಳಿಗೆ ಬರುತ್ತದೆ. ಬಾವಿಯ ಮೋಟಾರಿನ ಕರೆಂಟನ್ನು ಮೇನ್‌ನಲ್ಲೇ ತೆಗೆಯಿರಿ, ಬಾವಿ ಹತ್ತಿರದ ಸ್ವಿಚ್ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಬಾವಿಯ ಹೊಟ್ಟೆಯಲ್ಲೇ ಕೂತಿರುತ್ತದೆ. ಗಾಳಿಯಲ್ಲಿ 1.4 ಶೇಕಡಾ ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಯಾರನ್ನೂ ಒಳಗೆ ಇಳಿಸಬೇಡಿ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ: ಅದು ಬೆಂಜೀನ್ ತೆಗೆಯುವುದಿಲ್ಲ, ಇಂಧನದ ಪೊರೆಯ ಮೇಲೆ ಬಿದ್ದರೆ ಬೆಂಕಿಗೆ ದಾರಿ.

ಈಗ ಶಾರ್ಟೇಜ್. "ಆವಿಯ ಮಿತಿಯೊಳಗಿದೆ" ಅಂದರೆ ಸೋರಿಕೆ ಇಲ್ಲ ಅಂತ ಅರ್ಥವಲ್ಲ. ಅಮೆರಿಕದ ಇಪಿಎ (ಪರಿಸರ ಸಂರಕ್ಷಣಾ ಸಂಸ್ಥೆ) ನಿಯಮದಲ್ಲಿ ತಿಂಗಳ ಲೆಕ್ಕಕ್ಕೆ ಮಿತಿ ಸೇಲಿನ 1 ಶೇಕಡಾ ಮತ್ತು ಅದರ ಮೇಲೆ 130 ಗ್ಯಾಲನ್. ನಿಮ್ಮ ಸೇಲಿಗೆ ಅದು 1,990 ಲೀಟರ್ ಆಗುತ್ತದೆ. ಅಂದರೆ ತಿಂಗಳಿಗೆ ಸಾವಿರ ಲೀಟರ್ ನೆಲಕ್ಕಿಳಿದರೂ ಆ ಲೆಕ್ಕಕ್ಕೆ ಕಾಣದು. ನೋಡಬೇಕಾದದ್ದು ಮೊತ್ತವನ್ನಲ್ಲ, ನಷ್ಟ ಯಾವುದರ ಜೊತೆ ಏರಿಳಿಯುತ್ತದೆ ಅನ್ನುವುದನ್ನು. ಮೂರು ತಿಂಗಳ ರಿಜಿಸ್ಟರ್ ತೆಗೆದು ದಿನದ ನಷ್ಟವನ್ನು ಗ್ರಾಫ್ ಹಾಕಿ.

ಸೇಲ್ ಹೆಚ್ಚಿದ ದಿನ ಅದೇ ಪ್ರಮಾಣದಲ್ಲಿ ನಷ್ಟವೂ ಹೆಚ್ಚಿದ್ದರೆ ಮೊದಲು ಮೆಷಿನ್ ಮೇಲೆ ಅನುಮಾನ. 5 ಲೀಟರ್ ಅಳತೆಯಲ್ಲಿ 15 ಮಿ.ಲೀ. ಹೆಚ್ಚು ಹೋಗುತ್ತಿದ್ದರೆ 0.3 ಶೇಕಡಾ, ನಿಮ್ಮ ಸೇಲಿಗೆ ತಿಂಗಳಿಗೆ 450 ಲೀಟರ್! ಎಲ್ಲ ನಾಝಲ್ ಅಳೆದು ಇದನ್ನು ಪಕ್ಕಕ್ಕಿಡಿ. ಟ್ಯಾಂಕರ್ ಇಳಿದ ದಿನ ಮಾತ್ರ ನಷ್ಟ ಕಂಡರೆ ಅದು ಲೋಡಿನ ಕೊರತೆ ಇಲ್ಲವೇ ಉಷ್ಣಾಂಶ. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು 0.12 ಶೇಕಡಾ ಹಿಗ್ಗುತ್ತದೆ, ಕುಗ್ಗುತ್ತದೆ. 12 ಕಿಲೋಲೀಟರ್ ಲೋಡ್ 34 ಡಿಗ್ರಿಯಲ್ಲಿ ಬಂದು ಟ್ಯಾಂಕಿನಲ್ಲಿ 29ಕ್ಕೆ ಇಳಿದರೆ 72 ಲೀಟರ್ ತಾನಾಗಿ ಮಾಯ. ಸೇಲ್ ಇರಲಿ ಬಿಡಲಿ ದಿನಾ ಒಂದೇ ಅಳತೆ ಹೋಗುತ್ತಿದ್ದರೆ ಟ್ಯಾಂಕ್. ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ನಷ್ಟ ನಿಂತರೆ ತೂತು ಆ ಮಟ್ಟದ ಮೇಲಿದೆ. ನಷ್ಟ ಪಂಪ್ ಓಡಿದ ಗಂಟೆಗಳ ಜೊತೆ ಏರಿಳಿದರೆ ಲೈನ್.

ಒಂದು ದಿನದ ಡಿಪ್ (ಟ್ಯಾಂಕಿಗೆ ರಾಡ್ ಇಳಿಸಿ ತೆಗೆದ ಅಳತೆ) ನಂಬಿ ತೀರ್ಮಾನಕ್ಕೆ ಬರಬೇಡಿ. ಎರಡು ಮೀಟರ್ ವ್ಯಾಸದ 20 ಕಿಲೋಲೀಟರ್ ಟ್ಯಾಂಕಿನ ನಡು ಮಟ್ಟದಲ್ಲಿ ರಾಡಿನ 1 ಮಿ.ಮೀ. ಅಂದರೆ ಹತ್ತಿರ ಹತ್ತಿರ 13 ಲೀಟರ್. ಕಣ್ಣಳತೆಯ ತಪ್ಪೇ ಸೋರಿಕೆಗಿಂತ ದೊಡ್ಡದು.

ರಾತ್ರಿ ಎಟಿಜಿ ಟೆಸ್ಟ್ ಪಾಸ್ ಅಂತ ಸಮಾಧಾನ ಪಡಬೇಡಿ. ರಾತ್ರಿ ಪಂಪ್ ಆಫ್, ಲೈನಿನಲ್ಲಿ ಒತ್ತಡವೇ ಇರುವುದಿಲ್ಲ. ಆ ಟೆಸ್ಟ್ ನೋಡುವುದು ಟ್ಯಾಂಕನ್ನು ಮಾತ್ರ. ಅದೂ ಲೋಡ್ ಇಳಿದು ಹಲವು ಗಂಟೆ ಕಳೆದು, ಟ್ಯಾಂಕ್ ಅರ್ಧಕ್ಕಿಂತ ಮೇಲೆ ತುಂಬಿದ್ದು, ಕನಿಷ್ಠ 6 ಗಂಟೆ ಒಂದು ಹನಿ ಸೇಲ್ ಇಲ್ಲದಿದ್ದರೆ ಮಾತ್ರ ನಂಬಬಹುದು. ಗಂಟೆಗೆ 0.76 ಲೀಟರ್ ಸೋರಿಕೆ ಹುಡುಕುವ ಟೆಸ್ಟಿನಲ್ಲಿ ಆರು ಗಂಟೆಗೆ ಹೋಗುವುದು 4.6 ಲೀಟರ್, 20,000 ಲೀಟರ್ ಪೆಟ್ರೋಲ್ 0.1 ಡಿಗ್ರಿ ತಣಿದರೇ 2.4 ಲೀಟರ್ ಕುಗ್ಗುತ್ತದೆ, ಅಂದರೆ ಉಷ್ಣಾಂಶವೇ ಫಲಿತಾಂಶ ಕೆಡಿಸಬಲ್ಲದು.

ಆದ್ದರಿಂದ ಲೈನ್ ಟೆಸ್ಟ್ ಬೇರೆಯೇ ಮಾಡಿಸಿ. ಮೆಷಿನ್ ಕೆಳಗಿನ ಶಿಯರ್ ವಾಲ್ವ್ (ಮೆಷಿನ್ನಿಗೆ ಏನಾದರೂ ಬಡಿದರೆ ಲೈನ್ ಮುಚ್ಚುವ ವಾಲ್ವ್) ಮುಚ್ಚಿ, ಲೈನಿನ ಗಾಳಿ ಪೂರ್ತಿ ಹೊರಬಿಟ್ಟು, ಕೆಲಸದ ಒತ್ತಡದ ಒಂದೂವರೆ ಪಟ್ಟು ಕೊಟ್ಟು ಒಂದು ಗಂಟೆ ಹಿಡಿಯಬೇಕು. ಗಂಟೆಗೆ 0.38 ಲೀಟರ್ ಮೀರಿದರೆ ಫೇಲ್. ಎರಡು ಕಡೆ ಮೋಸ ಹೋಗುತ್ತಾರೆ. ಒಂದು, ಉಷ್ಣಾಂಶ: ಟೆಸ್ಟನ್ನು ಕೆಲವು ಸರದಿ ಮಾಡಿ ನೋಡಿ, ತಣಿಯುವ ಇಂಧನದಿಂದ ಇಳಿಯುವ ಒತ್ತಡ ಸರದಿಯಿಂದ ಸರದಿಗೆ ಕಡಿಮೆಯಾಗುತ್ತ ಬರುತ್ತದೆ, ಸೋರಿಕೆಯದು ಪ್ರತಿ ಸರದಿಯಲ್ಲೂ ಒಂದೇ. ಎರಡು, ಪಂಪಿನ ಚೆಕ್ ವಾಲ್ವ್ ಟ್ಯಾಂಕಿಗೇ ಹಿಂದೆ ಬಿಡುತ್ತಿದ್ದರೂ ಒತ್ತಡ ಇಳಿಯುತ್ತದೆ. ಪಂಪಿನ ಬಾಲ್ ವಾಲ್ವ್ ಮುಚ್ಚಿ ಮತ್ತೊಮ್ಮೆ ನೋಡಿ ಆಮೇಲೆ ಲೈನ್ ಮೇಲೆ ತಪ್ಪು ಹೊರಿಸಿ. ಇಂಧನ ಇರುವ ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಒತ್ತುವ ಕೆಲಸಕ್ಕೆ ಯಾರಾದರೂ ಕೈ ಹಾಕಿದರೆ ಬಂಕಿನಿಂದ ಹೊರಗೆ ಕಳಿಸಿ. ಅನಿಲದಿಂದ ಒತ್ತಡ ಕೊಡುವುದೇ ಆದರೆ ನೈಟ್ರೋಜನ್ ಮಾತ್ರ, ಅದೂ ಖಾಲಿ ಮಾಡಿ ಬೇರ್ಪಡಿಸಿದ ಲೈನಿಗೆ.

ಅಗೆಯುವ ಮೊದಲು ಮೆಷಿನ್ ಕೆಳಗಿನ ಸಂಪ್ (ತೊಟ್ಟಿ), ಪಂಪಿನ ಚೇಂಬರ್, ಫಿಲ್ ಪಾಯಿಂಟ್ (ಟ್ಯಾಂಕರಿನಿಂದ ಇಂಧನ ತುಂಬುವ ಬಾಯಿ) ಮೂರನ್ನೂ ಒಣಗಿಸಿ ನೋಡಿ. ಪೈಪು ನಡುವೆ ಸೋರುವುದು ಅಪರೂಪ, ಸೋರುವುದು ತುದಿಗಳಲ್ಲಿ. ಥ್ರೆಡ್ ಎಲ್ಬೋ, ಫ್ಲೆಕ್ಸಿಬಲ್ ಹೋಸಿನ ಕಪ್ಲಿಂಗ್, ಶಿಯರ್ ವಾಲ್ವಿನ ಕೆಳಗಿನ ಯೂನಿಯನ್. ಟ್ಯಾಂಕಿನಲ್ಲಾದರೆ ಡಿಪ್ ಪೈಪಿನ ನೇರ ಕೆಳಗೆ: ವರ್ಷಗಟ್ಟಲೆ ರಾಡ್ ಒಂದೇ ಜಾಗಕ್ಕೆ ಕುಟ್ಟಿ, ಅಲ್ಲೇ ನೀರೂ ನಿಂತು ತುಕ್ಕು ಹಿಡಿಯುತ್ತದೆ.

ಟ್ಯಾಂಕ್ ಫೇಲ್ ಆದರೂ ಈ ಮಳೆಯಲ್ಲಿ ಗಡಿಬಿಡಿಯಿಂದ ಖಾಲಿ ಮಾಡಬೇಡಿ. ಸುತ್ತ ನೀರು ನಿಂತಿದ್ದರೆ ಖಾಲಿ ಟ್ಯಾಂಕಿನ ಮೇಲೆ 20 ಟನ್ ಹತ್ತಿರ ಮೇಲೊತ್ತುವ ಬಲ. ಬೆಲ್ಟ್ ಕಟ್ಟಿ ಕಾಂಕ್ರೀಟಿಗೆ ಹಿಡಿಸಿರದಿದ್ದರೆ ಕಾಂಕ್ರೀಟ್ ಒಡೆದು ಮೇಲೇಳುತ್ತದೆ. ಗುಂಡಿಯ ನೀರಿನ ಮಟ್ಟ ಇಳಿಸಿಕೊಂಡೇ ಇಂಧನ ತೆಗೆಯಿರಿ.

ಶೇಡಿಮಣ್ಣು

ಡಿಪ್‌ರಾಡ್ ಹೇಳಿದ ಕ್ರಮ ಸರಿ. ನೆಲದಡಿಯ ಕಥೆಯನ್ನು ನಾನು ಸೇರಿಸುತ್ತೇನೆ.

ವಾಸನೆ ಜೂನಿನಲ್ಲಿ ಬಂತು ಅಂದರೆ ಸೋರಿಕೆ ಜೂನಿನಲ್ಲಿ ಶುರುವಾಯಿತು ಅಂತಲ್ಲ ಮಾರಾಯ್ರೆ. ಕರಾವಳಿಯಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ನೀರಿನ ಮಟ್ಟ ಹಲವು ಮೀಟರ್ ಏರಿಳಿಯುತ್ತದೆ. ಬೇಸಿಗೆಯಲ್ಲಿ ಇಳಿದ ಪೆಟ್ರೋಲ್ ಮುರಕಲ್ಲಿನ ತೂತುಗಳಲ್ಲಿ ಅಂಟಿ ಕೂತಿರುತ್ತದೆ. ಮಳೆಗೆ ನೀರು ಏರಿದಾಗ ಅದನ್ನೂ ಎತ್ತಿಕೊಂಡು ಬರುತ್ತದೆ. ಅಂತರ್ಜಲ ಏರಿಳಿದ ಅಷ್ಟೂ ಎತ್ತರದ ಕಲ್ಲಿಗೆ ಇಂಧನ ಮೆತ್ತಿರುತ್ತದೆ ಅಂತಲೇ ಇಟ್ಟುಕೊಳ್ಳಿ.

ಮುರಕಲ್ಲಿನ ಕೆಳಗೆ ಶೇಡಿ (ಜೇಡಿಮಣ್ಣಿನ ಪದರ). ನೀರು ಶೇಡಿಯ ಮೇಲ್ಮೈ ಹಿಡಿದು ಓಡುತ್ತದೆ, ಬಾವಿಗಳ ತಳವೂ ಬಹುಪಾಲು ಅಲ್ಲೇ. ನೆಲದ ಇಳಿಜಾರೂ ಶೇಡಿಯ ಇಳಿಜಾರೂ ಒಂದೇ ಕಡೆ ಇರಬೇಕೆಂದೇನೂ ಇಲ್ಲ. ಹಾಗಾಗಿ ಕನಿಷ್ಠ ಮೂರು ವೀಕ್ಷಣಾ ಕೊಳವೆ, ಒಂದೇ ಸಾಲಿನಲ್ಲಲ್ಲ, ತ್ರಿಕೋನದಲ್ಲಿ ಬೇಕು: ಒಂದು ಟ್ಯಾಂಕ್ ಗುಂಡಿಯ ಪಕ್ಕ, ಒಂದು ಬಾವಿಯ ದಿಕ್ಕಿಗೆ, ಒಂದು ಮೇಲ್ಗಡೆ. ಕೊಳವೆ ಬಾಯಿಗಳ ಎತ್ತರವನ್ನು ಲೆವೆಲ್ ಹಿಡಿದು ಅಳೆಯದಿದ್ದರೆ ಹರಿವಿನ ದಿಕ್ಕು ಸಿಗದು.

ಕೊರೆಯುವಾಗ ಕೆಡಿಸುವವರೇ ಹೆಚ್ಚು. ಮೇಲಿನ ಒಂದೂವರೆ ಮೀಟರ್ ಕೈಯಲ್ಲೇ ಅಗೆಯಿರಿ, ಕೇಬಲ್ ಪೈಪು ಇರುತ್ತವೆ. ಬೋರ್ವೆಲ್ ಲಾರಿಯ ಹ್ಯಾಮರ್ ಬೇಡ: ಅದಕ್ಕೆ ಎಣ್ಣೆ ಊಡಿಸುತ್ತಾರೆ, ಆ ಎಣ್ಣೆಯೇ ನಿಮ್ಮ ವರದಿಯಲ್ಲಿ ಬರುತ್ತದೆ, ಗಾಳಿ ಊದಿ ಇರುವ ಪೆಟ್ರೋಲೂ ಹಾರಿಹೋಗುತ್ತದೆ. ಆಗರ್ ಅಥವಾ ಕೋರ್ ಡ್ರಿಲ್ಲಿಂಗ್. ಶೇಡಿ ಸಿಕ್ಕ ಕೂಡಲೇ ನಿಲ್ಲಿಸಿ. ಅದನ್ನು ತೂತು ಮಾಡಿದರೆ ಕೆಳಗಿನ ಬಿರುಕು ಬಂಡೆಯ ನೀರಿಗೆ ನೀವೇ ದಾರಿ ಕೊಟ್ಟಂತೆ. ಪಿವಿಸಿ ಪೈಪಿಗೆ ಗಮ್ ಹಚ್ಚಬೇಡಿ, ಅದರ ದ್ರಾವಕ ಲ್ಯಾಬಿನಲ್ಲಿ ಕಾಣುತ್ತದೆ. ಥ್ರೆಡ್ ಪೈಪೇ ಬೇಕು. ಜಾಲರಿ ಭಾಗ ಮಳೆಗಾಲದ ಗರಿಷ್ಠ ಮಟ್ಟದ ಮೇಲಿಂದ ಬೇಸಿಗೆಯ ಕನಿಷ್ಠ ಮಟ್ಟದ ಕೆಳಗಿನವರೆಗೆ ಇರಬೇಕು. ಪೂರ್ತಿ ನೀರಿನಡಿಗೆ ಜಾಲರಿ ಕೂತರೆ ತೇಲುವ ಪೆಟ್ರೋಲ್ ಒಳಗೆ ಬರುವುದೇ ಇಲ್ಲ, ಕೊಳವೆ "ಶುದ್ಧ" ಅನ್ನುತ್ತದೆ. ಸುತ್ತ ಮರಳು, ಅದರ ಮೇಲೆ ಬೆಂಟೊನೈಟ್ (ನೀರಿಗೆ ಉಬ್ಬುವ ಜೇಡಿ), ಮೇಲೆ ಮುಚ್ಚಳ.

ಕೊಳವೆಯಲ್ಲಿ 20 ಸೆಂ.ಮೀ. ಪೆಟ್ರೋಲ್ ತೇಲಿದರೆ ನೆಲದಲ್ಲೂ 20 ಸೆಂ.ಮೀ. ಇದೆ ಅಂತ ಲೆಕ್ಕ ಕಟ್ಟಬೇಡಿ. ಕೊಳವೆಯೊಳಗಿನ ಪದರ ಸಾಮಾನ್ಯವಾಗಿ ದಪ್ಪವಾಗಿಯೇ ಕಾಣುತ್ತದೆ.

ಮಾದರಿ ನೀರು ಮಿನರಲ್ ವಾಟರ್ ಬಾಟಲಿಯಲ್ಲಿ ತೆಗೆದುಕೊಂಡು ಹೋದರೆ ಹಣ ದಂಡ. ಲ್ಯಾಬಿನಿಂದಲೇ 40 ಮಿ.ಲೀ. ಗಾಜಿನ ವೈಲ್ ತರಿಸಿ, ಒಂದು ಗುಳ್ಳೆಯೂ ಉಳಿಯದಂತೆ ಉಕ್ಕಿಸಿ ತುಂಬಿ, ಆಮ್ಲ ಹಾಕಿದ ವೈಲ್ ಆದರೆ 4 ಡಿಗ್ರಿಯಲ್ಲಿಟ್ಟು 14 ದಿನದೊಳಗೆ ಪರೀಕ್ಷೆ. ಕೇಳಬೇಕಾದದ್ದು: ಬೆಂಜೀನ್, ಟೊಲ್ಯೂಯಿನ್, ಈಥೈಲ್‌ಬೆಂಜೀನ್, ಕ್ಸೈಲೀನ್, ಎಂಟಿಬಿಇ (ಪೆಟ್ರೋಲಿಗೆ ಬೆರೆಸುವ ರಾಸಾಯನಿಕ), ಎಥೆನಾಲ್, ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಡೀಸೆಲ್ ಅನುಮಾನಕ್ಕೆ ನ್ಯಾಫ್ತಲೀನ್. ಐಎಸ್ 10500ರ ಕುಡಿಯುವ ನೀರಿನ ಪರೀಕ್ಷೆ ಮಾಡಿಸಿ "ಮಿನರಲ್ ಆಯಿಲ್ 0.5 ಮಿ.ಗ್ರಾಂ ಒಳಗಿದೆ" ಅನ್ನುವ ಕಾಗದ ಹಿಡಿದು ಕೂರಬೇಡಿ. ದ್ರಾವಕದಲ್ಲಿ ತೆಗೆದು ಆರಿಸಿ ತೂಗುವ ಪದ್ಧತಿಯಾದರೆ ಬೆಂಜೀನ್ ತೂಕಕ್ಕೆ ಮೊದಲೇ ಹಾರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಜೀನ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರಿನಲ್ಲಿ ಅದರ ವಾಸನೆ ಮೂಗಿಗೆ ಹತ್ತುವುದು ಅದಕ್ಕಿಂತ ಸಾವಿರ ಪಟ್ಟು ಮೇಲೆ. ವಾಸನೆ ಹೋಯಿತು ಅಂತ ಬಾವಿ ಬಿಟ್ಟುಕೊಡುವ ಹಾಗಿಲ್ಲ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ 1 ಶೇಕಡಾವರೆಗೆ ಇರಬಹುದು, ಆ ಲೆಕ್ಕದಲ್ಲಿ ಒಂದೇ ಲೀಟರ್ ಪೆಟ್ರೋಲ್ 8.8 ಲಕ್ಷ ಲೀಟರ್ ನೀರನ್ನು ಮಿತಿ ಮುಟ್ಟಿಸುತ್ತದೆ.

ಹತ್ತಿರ ಗ್ಯಾರೇಜ್, ಹಳೆಯ ಬಂಕ್ ಏನಾದರೂ ಇದ್ದರೆ ಎಥೆನಾಲ್ ಸಿಕ್ಕಿತೇ ನೋಡಿ. ಅದು ಬೇಗ ಕೊಳೆಯುವ ವಸ್ತು, ಸಿಕ್ಕರೆ ಸೋರಿಕೆ ಹೊಸದು. ಸೀಸ ಇದ್ದರೆ ಹಳೆಯದು. ದೇಶದಲ್ಲಿ ಸೀಸದ ಪೆಟ್ರೋಲ್ 2000ನೇ ಇಸವಿಗೇ ನಿಂತಿದೆ.

ಕಡಲತಡಿ

ತುಂಬಾ ಉಪಕಾರ. ನಾಝಲ್ ಎಲ್ಲ ಅಳೆದಾಯಿತು, ಸರಿ ಇವೆ. ಗ್ರಾಫ್ ಹಾಕಿದರೆ ನಷ್ಟ ಪಂಪ್ ಓಡಿದ ಗಂಟೆಯ ಜೊತೆಗೇ ಹೋಗುತ್ತಿದೆ. ಲೈನ್ ಟೆಸ್ಟಿನಲ್ಲಿ ರಸ್ತೆ ಬದಿಯ ಮೆಷಿನ್ನಿನ ಲೈನ್ ಫೇಲ್, ಗಂಟೆಗೆ 1.3 ಲೀಟರ್; ಬಾಲ್ ವಾಲ್ವ್ ಮುಚ್ಚಿದರೂ ಅಷ್ಟೇ. ಆ ಲೈನ್ ಬಂದ್ ಮಾಡಿದ್ದೇವೆ. ಸಂಪ್ ತೆರೆದಾಗ ಫ್ಲೆಕ್ಸಿಬಲ್ ಹೋಸಿನ ಕಪ್ಲಿಂಗ್ ಒದ್ದೆ, ಪೈಪ್ ಸಂಪಿನೊಳಗೆ ಬರುವ ತೂತಿನ ಬೂಟ್ (ರಬ್ಬರ್ ಸೀಲ್) ಹರಿದಿದೆ. ಬಾವಿ ನೀರು ಪೂರ್ತಿ ಹೊಡೆದು ಹಾಕುವುದೋ ಬೇಡವೋ? ಆಮೇಲಿನ ಶುದ್ಧೀಕರಣ ಹೇಗೆ?

ಡಿಪ್‌ರಾಡ್

ಹೊಂದುತ್ತದೆ. ಟೆಸ್ಟ್ ಒತ್ತಡದಲ್ಲಿ 1.3 ಅಂದರೆ ಕೆಲಸದ ಒತ್ತಡದಲ್ಲಿ ಸುಮಾರು 1.1, ದಿನಕ್ಕೆ 15 ಗಂಟೆ ಪಂಪ್ ಓಡಿದರೆ ತಿಂಗಳಿಗೆ 500 ಲೀಟರ್, ನಿಮ್ಮ ಹೆಚ್ಚುವರಿ ಶಾರ್ಟೇಜ್ ಅದೇ. ಹೋಸ್ ಬದಲಿಸಿದರೆ ಸಾಲದು, ಬೂಟ್ ಬದಲಿಸಿ ಸಂಪಿಗೆ ನೀರು ತುಂಬಿಸಿ ಒಂದು ಗಂಟೆ ಮಟ್ಟ ಇಳಿಯದ್ದನ್ನು ನೋಡಿ. ಸಂಪ್ ಗಟ್ಟಿ ಇದ್ದಿದ್ದರೆ ಆ ಪೆಟ್ರೋಲ್ ಅಲ್ಲೇ ನಿಂತು ಕಣ್ಣಿಗೆ ಬೀಳುತ್ತಿತ್ತು. ರಿಪೇರಿ ಆದ ಮೇಲೆ ಲೈನ್ ಟೆಸ್ಟ್ ಮತ್ತೊಮ್ಮೆ, ಕಾಗದದ ಮೇಲೆ. ಬಾವಿ ಬೇಗ ಖಾಲಿ ಮಾಡಿಸಿದರೆ ಒಳ್ಳೆಯದು ಅನಿಸುತ್ತದೆ, ಪಕ್ಕದವರಿಗೂ ಸಮಾಧಾನ.

ಗಾಳಿಕೊಳವೆ

ಖಾಲಿ ಮಾಡಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಬಾವಿಯನ್ನು ತಳ ಕಾಣಿಸಿದರೆ ಸುತ್ತಲ ನೀರು ಕಡಿದಾಗಿ ಇಳಿದು ಬಂಕಿನ ಕಡೆಯ ಪೆಟ್ರೋಲ್ ವೇಗವಾಗಿ ಬಾವಿಗೇ ಬರುತ್ತದೆ. ಇಳಿದ ಅಷ್ಟೂ ಎತ್ತರದ ಕಲ್ಲಿಗೆ ಹೊಸದಾಗಿ ಮೆತ್ತಿಕೊಳ್ಳುತ್ತದೆ. ಹಾಗಂತ ಸುಮ್ಮನೆ ಬಿಟ್ಟರೆ ಪದರ ಮುಂದಿನ ಬಾವಿಗೆ ಹೋದೀತು. ಮಧ್ಯದ ದಾರಿ: ಮೇಲಿನ ಪದರವನ್ನು ಸ್ಕಿಮ್ಮರ್‌ನಿಂದ ತೆಗೆಯುತ್ತ ಮಟ್ಟವನ್ನು 30ರಿಂದ 50 ಸೆಂ.ಮೀ. ಮಾತ್ರ ಕೆಳಗೆ ಹಿಡಿದಿಡುವುದು. ಗಾಳಿಯಿಂದ ನಡೆಯುವ ಪಂಪ್ ಬಳಸಿ, ಕಂಪ್ರೆಸರ್ ಗಾಳಿ ಬೀಸಿ ಬರುವ ಕಡೆ ದೂರದಲ್ಲಿರಲಿ. ತೆಗೆದ ನೀರು ಚರಂಡಿಗೆ ಹೋಗಬಾರದು: ಎಣ್ಣೆ ಬೇರ್ಪಡಿಸುವ ತೊಟ್ಟಿ, ಆಮೇಲೆ ಸಾಲಾಗಿ ಎರಡು ಕಾರ್ಬನ್ ಡ್ರಮ್, ಮೊದಲನೆಯದರ ನಂತರ ಮಾದರಿ ಕೊಳಾಯಿ. ಅಲ್ಲಿ ಬೆಂಜೀನ್ ಕಂಡ ದಿನ ಎರಡನೆಯದನ್ನು ಮೊದಲಿಗೆ ತಂದು ಹೊಸದನ್ನು ಕೊನೆಗಿಡಿ. ಮುರಕಲ್ಲಿನ ನೀರಿನ ಕಬ್ಬಿಣ ಕಾರ್ಬನ್ನನ್ನು ಕಟ್ಟಿಸುತ್ತದೆ, ಅದಕ್ಕೂ ಮೊದಲು ಮರಳು ಫಿಲ್ಟರ್ ಇಲ್ಲದೆ ಓಡಿಸಬೇಡಿ.

ಅಂಗಳ ಪೂರ್ತಿ ಅಗೆಯುವುದು ವ್ಯರ್ಥ. ಸಂಪಿನ ಸುತ್ತ, ಪೈಪಿನ ಕೆಳಗಿನ ಮರಳು ಮಾತ್ರ ತೆಗೆಯಿರಿ. ಎಲ್ಲಿ ನಿಲ್ಲಿಸಬೇಕೆಂದು ಪಿಐಡಿ ಮೀಟರ್ (ಗಾಳಿಯಲ್ಲಿನ ಇಂಧನದ ಆವಿ ಅಳೆಯುವ ಯಂತ್ರ) ಹೇಳುತ್ತದೆ: ಚೀಲಕ್ಕೆ ಅರ್ಧ ಮಣ್ಣು ಹಾಕಿ ಬಿಗಿದು, ಹತ್ತು ನಿಮಿಷ ಬಿಟ್ಟು ಮೇಲಿನ ಗಾಳಿ ಅಳೆಯಿರಿ. ಮಳೆಗಾಲದ ತೇವಕ್ಕೆ ಮೀಟರ್ ತಪ್ಪು ತೋರಿಸುತ್ತದೆ, ಸ್ವಚ್ಛ ಮಣ್ಣಿನ ಓದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಡೀಸೆಲಿಗೆ ಈ ಮೀಟರ್ ನಂಬಬೇಡಿ, ಅದು ಅಷ್ಟು ಹಾರುವುದಿಲ್ಲ. ತೆಗೆದ ಮಣ್ಣು ಒಂದು ಟಾರ್ಪಾಲಿನ ಮೇಲೆ, ಇನ್ನೊಂದು ಟಾರ್ಪಾಲಿನ ಕೆಳಗೆ ಇರಲಿ.

ಕಲ್ಲಿನ ತೂತುಗಳಲ್ಲಿ ಉಳಿದದ್ದನ್ನು ಪಂಪ್ ತೆಗೆಯುವುದಿಲ್ಲ, ಗಾಳಿ ತೆಗೆಯುತ್ತದೆ. ಒಣ ಪದರದಲ್ಲಿ ಜಾಲರಿ ಕೊಳವೆ ಹಾಕಿ ಬ್ಲೋವರ್‌ನಿಂದ ಆವಿ ಎಳೆಯುವ ಪದ್ಧತಿ ಮುರಕಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಮಳೆಗಾಲದಲ್ಲಿ ಎಳೆಯಲು ಒಣ ಪದರವೇ ಇರುವುದಿಲ್ಲ, ಬ್ಲೋವರ್ ನೀರು ಕುಡಿಯುತ್ತದೆ. ಕೊಳವೆಗಳನ್ನು ಈಗಲೇ ಹಾಕಿಸಿ, ಯಂತ್ರ ಡಿಸೆಂಬರಿನಿಂದ ಮೇ ತನಕ. ಮಾರ್ಚ್ ಏಪ್ರಿಲ್ ಅತ್ಯುತ್ತಮ ಕಾಲ, ಮೆತ್ತಿದ ಪಟ್ಟಿ ಪೂರ್ತಿ ಗಾಳಿಗೆ ತೆರೆದಿರುತ್ತದೆ. ನೀರಿನಡಿಗೆ ಗಾಳಿ ಊದುವುದನ್ನು ಒಂಟಿಯಾಗಿ ಮಾಡಬೇಡಿ. ಮುರಕಲ್ಲಿನ ಸುರಂಗಗಳಲ್ಲಿ ಆವಿ ಪಕ್ಕದ ಮನೆಯ ನೆಲದಡಿಗೆ ಹೋಗುತ್ತದೆ, ಎಳೆಯುವ ಬ್ಲೋವರ್ ಜೊತೆಗಿರಲೇಬೇಕು.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಪುಡಿ ಮಾರುವವರು ಬಂದೇ ಬರುತ್ತಾರೆ. ತಿನ್ನುವ ಜೀವಿಗಳು ಆ ನೆಲದಲ್ಲಿ ಈಗಾಗಲೇ ಇವೆ, ಅವಕ್ಕಿಲ್ಲದಿರುವುದು ಆಮ್ಲಜನಕ. ಒಂದು ಕಿಲೋ ಪೆಟ್ರೋಲ್ ಜೀರ್ಣವಾಗಲು ಸುಮಾರು 3 ಕಿಲೋ ಆಮ್ಲಜನಕ ಬೇಕು. ನೀರಿನಲ್ಲಿ ಕರಗಿರುವುದು ಲೀಟರಿಗೆ 8 ಮಿ.ಗ್ರಾಂ, ಅಂದರೆ 3.75 ಲಕ್ಷ ಲೀಟರ್ ನೀರು. ಗಾಳಿಯಾದರೆ 11 ಘನ ಮೀಟರ್ ಸಾಕು. ಆದ್ದರಿಂದ ದುಡ್ಡು ಬ್ಲೋವರಿಗೆ ಹಾಕಿ. ಇ20 ಪೆಟ್ರೋಲ್ (20 ಶೇಕಡಾ ಎಥೆನಾಲ್ ಬೆರೆತದ್ದು) ಆದ್ದರಿಂದ ಇನ್ನೊಂದು ತೊಡಕು: ಇರುವ ಆಮ್ಲಜನಕವನ್ನೆಲ್ಲ ಎಥೆನಾಲ್ ಜೀರ್ಣಿಸುವ ಜೀವಿಗಳು ಮೊದಲೇ ಮುಗಿಸುತ್ತವೆ, ಬೆಂಜೀನ್ ಮತ್ತಷ್ಟು ದೂರ ಹೋಗುತ್ತದೆ, ಮೀಥೇನ್ ಕೂಡ ಹುಟ್ಟುತ್ತದೆ. ಪಿಐಡಿಗೆ ಮೀಥೇನ್ ಕಾಣುವುದಿಲ್ಲ, ಕೊಳವೆ ಬಾಯಿಗೆ ಎಲ್‌ಇಎಲ್ ಮೀಟರ್ (ಹತ್ತಿಕೊಳ್ಳುವಷ್ಟು ಅನಿಲ ಇದೆಯೇ ಎಂದು ತೋರಿಸುವ ಯಂತ್ರ) ಹಿಡಿಯಿರಿ.

ಕಡತ

ಕಾಗದದ ಕೆಲಸ ಚಿಕ್ಕದಾಗಿ. ಕಂಪನಿ, ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ), ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಜಿಲ್ಲಾಡಳಿತ, ಅಗ್ನಿಶಾಮಕ ಠಾಣೆ: ಐದೂ ಕಡೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಸೇಲ್ಸ್ ಆಫೀಸರಿಗೆ ಹೇಳಿದ್ದು ದಾಖಲೆಯಲ್ಲ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ, ಶುದ್ಧೀಕರಣದ ವೆಚ್ಚ ಮಾಲಿನ್ಯ ಮಾಡಿದವರ ಮೇಲೆ. ಟ್ಯಾಂಕ್ ಕಂಪನಿಯದೋ ಡೀಲರದೋ, ಲೈನಿನ ನಿರ್ವಹಣೆ ಯಾರದು ಅನ್ನುವುದನ್ನು ಒಪ್ಪಂದ ತೆಗೆದು ಈಗಲೇ ನೋಡಿಕೊಳ್ಳಿ.

ಹರಿದ ಬೂಟ್, ಹಳೆಯ ಹೋಸ್ ಎಸೆಯಬೇಡಿ, ಫೋಟೋ ತೆಗೆದು ಚೀಟಿ ಅಂಟಿಸಿ ಎತ್ತಿಡಿ. ಅಗೆದ ಮಣ್ಣು, ಬಳಸಿದ ಕಾರ್ಬನ್ ಅಪಾಯಕಾರಿ ತ್ಯಾಜ್ಯ. 2016ರ ನಿಯಮದಂತೆ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ) ಜೊತೆ ಅಧಿಕೃತ ವಿಲೇವಾರಿ ಕೇಂದ್ರಕ್ಕೆ. ದಾಬಸ್‌ಪೇಟೆಯಲ್ಲಿ ಅಂಥದ್ದಿದೆ, ಸಿಮೆಂಟ್ ಗೂಡಿಗೆ ಕಳಿಸುವ ಅವಕಾಶವನ್ನೂ ಮಂಡಳಿಯಲ್ಲೇ ಕೇಳಿ. ಕಂಟ್ರಾಕ್ಟರ್ "ತಗ್ಗಿಗೆ ತುಂಬಿಸ್ತೇನೆ" ಅಂದರೆ ಒಪ್ಪಬೇಡಿ, ಎರಡನೇ ಕಲುಷಿತ ಜಾಗವೂ ನಿಮ್ಮ ಹೆಸರಿಗೇ ಬರುತ್ತದೆ.

ಶೇಡಿಮಣ್ಣು

ಬಾವಿ ಯಾವಾಗ ಬಿಟ್ಟುಕೊಡಬಹುದು ಅಂತ ಪಕ್ಕದವರು ಕೇಳುತ್ತಾರೆ, ಅವಸರಕ್ಕೆ ದಿನ ಹೇಳಬೇಡಿ. ಯಂತ್ರ ಓಡುವಾಗ ಓದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಬ್ಲೋವರ್ ನಿಲ್ಲಿಸಿ ಕೆಲವು ವಾರ ಬಿಟ್ಟು ಮಾದರಿ ತೆಗೆದರೆ ಕಲ್ಲಿನಿಂದ ಎಷ್ಟು ಮರಳಿ ಬರುತ್ತಿದೆ ಗೊತ್ತಾಗುತ್ತದೆ. ಮೇ ಕೊನೆಯದೊಂದು, ಮಳೆ ತುಂಬಿದ ಆಗಸ್ಟಿನದೊಂದು, ಹೀಗೆ ಎರಡು ವರ್ಷದ ನಾಲ್ಕೂ ಮಾದರಿಯಲ್ಲಿ ಬೆಂಜೀನ್ 10 ಮೈಕ್ರೋಗ್ರಾಂ ಕೆಳಗಿದ್ದರೆ ಆಗ ಮಂಡಳಿಯ ಒಪ್ಪಿಗೆ ಕೇಳಿ. ಅಷ್ಟರಲ್ಲಿ ಬಾವಿಯ ಇನ್ನೂ ಕೆಳಗಡೆ ಇರುವ ಮನೆಗಳ ಬಾವಿಗಳಿಂದಲೂ ಒಂದೊಂದು ವೈಲ್ ಈಗಲೇ ತೆಗೆಸಿಡಿ, ಅಲ್ಲಿ ವಾಸನೆ ಇಲ್ಲದಿದ್ದರೂ.